ಮಗ್ಗ ನಿಂತಾಗ ಎತ್ತುವ ಕೈ

ಅಕ್ಕಲಕೋಟದ ತಾಲೀಮಿನ ಕುಸ್ತಿ ಕಣದಲ್ಲಿ ಖಂಡೆಪ್ಪ ತನ್ನ ಎದುರಾಳಿಯನ್ನು ಎತ್ತಿ ಒಗೆದದ್ದು ಎಂಥ ಒಗೆತವೆಂದರೆ, ಆ ಪುಣ್ಯಾತ್ಮ ಸೋಲಾಪುರದ ಮೇಲಿಂದ ಹಾರಿ ಹೋಗಿ ಮಂಗಳವೇಢೆಯ ಜೋಳದ ಹೊಲದಲ್ಲಿ ಬಿದ್ದ. ಕಣಕ್ಕೆ ಇಳಿಯುವಾಗ ನುಣ್ಣಗೆ ಗಡ್ಡ ಹೆರೆಸಿಕೊಂಡು ಬಂದಿದ್ದವನಿಗೆ ನೆಲ ಮುಟ್ಟುವಷ್ಟರಲ್ಲಿ ಎದೆಯುದ್ದ ಗಡ್ಡ ಬೆಳೆದಿತ್ತು. ಆಮೇಲೆ ಮನೆಗೆ ನಡೆದುಕೊಂಡು ಬಂದರೆ ಹಡೆದವ್ವ ಕೂಡ ಗುರುತು ಹಿಡಿಯದೆ, “ಮುಂದಿನ ಮನಿಗೆ ಹೋಗಪಾ, ಇಲ್ಲಿ ಭಿಕ್ಷಾ ಇಲ್ಲ” ಎಂದಳು.

“ಹೊಲದವರು ಏನಂದ್ರು ಮಾಮಾ?” ಎಂದು ಶಿವರಾಯ ಕೇಳಿದ. ಅವನು ಮಕ್ಕಳ ತಂಡದ ಮುಖಂಡ. ಮುಂದಿನ ಎರಡು ಹಲ್ಲು ಬಿದ್ದಿದ್ದರೂ ಮಾತು ಒಂದೂ ಬಿದ್ದಿರಲಿಲ್ಲ.

“ಏನಂತಾರ? ಹಕ್ಕಿ ಹೊಡ್ಯಾಕ ಆಳ ಸಿಗವಲ್ರು, ದೇವರಽ ಮ್ಯಾಲಿಂದ ಒಬ್ಬನ್ನ ಒಗದಾನ ಅಂತ ಕೈಯಾಗ ಕವಣಿ ಕೊಟ್ಟು ಅಟ್ಟಣಿಗಿ ಹತ್ತಿಸಿದ್ರು. ಸುಗ್ಗಿ ಆಗೂತನಕ ಇಳಿಸಲಿಲ್ಲ.”

ಮಕ್ಕಳು ಬಾಯಿ ತೆರೆದು ಕೇಳಿದರು. ತೆರೆದ ಬಾಯಿಗೆ ಖಂಡೆಪ್ಪ ಒಂದೊಂದು ಹಿಡಿ ನೆನೆಸಿದ ಕಡಲೆ, ಒಂದೊಂದು ಚೂರು ಬೆಲ್ಲ ಹಾಕುತ್ತ ಹೋದ.

ಇದು ನಡೆಯುತ್ತಿದ್ದದ್ದು ಸೋಲಾಪುರದ ಒಂದು ಬಟ್ಟೆ ಗಿರಣಿಯ ಹಿಂದಿನ ಚಾಳಿನ ಅಂಗಳದಲ್ಲಿ, ಬೇವಿನ ಗಿಡದ ಕೆಳಗೆ, ಸಾಲಿ ಬಿಟ್ಟ ಮೇಲಿಂದ ಸಂಜೆಯ ಭೋಂಗಾ, ಅಂದರೆ ಪಾಳಿ ಬಿಡುವ ಉಗಿಸೀಟಿ, ಕೂಗುವ ತನಕ. ಕೂಗುವುದೇನು, ಆ ಗಿರಣಿಯ ಭೋಂಗಾ ಬಾಯಿ ತೆಗೆದರೆ ಪಂಢರಪುರದಲ್ಲಿ ಚಹಾ ಕುಡಿಯುವವನ ಬಶಿಯಲ್ಲಿ ತೆರೆ ಏಳುತ್ತಿದ್ದವು. ಸಂಸ್ಥಾನಗಳು ಹೋಗಿ ಏಳೆಂಟು ವರ್ಷವಾಗಿತ್ತು. ಸೋಲಾಪುರ ಯಾವ ಪ್ರಾಂತಕ್ಕೆ, ಅಕ್ಕಲಕೋಟ ಯಾವ ಪ್ರಾಂತಕ್ಕೆ ಎಂದು ಹಿರಿಯರು ಅಂಗಡಿ ಕಟ್ಟೆಯ ಮೇಲೆ ಕೂತು ಗಂಟಲು ಹರಿದುಕೊಳ್ಳುತ್ತಿದ್ದರು. ಮಕ್ಕಳು ಮಾತ್ರ ಸಾಲಿಯಲ್ಲಿ ಮರಾಠಿ ಓದಿ, ಮನೆಯಲ್ಲಿ ಕನ್ನಡ ಮಾತಾಡಿ, ಅಂಗಳದಲ್ಲಿ ಎರಡನ್ನೂ ಕಲಸಿ ಬೈದಾಡಿಕೊಂಡು ಹಾಯಾಗಿದ್ದರು. ಅವರಿಗೆ ಖೋ ಎಂದರೆ ಎರಡೂ ಭಾಷೆಯಲ್ಲಿ ಖೋ.

ಆ ಮಕ್ಕಳ ಅಪ್ಪಂದಿರು ಗಿರಣಿಯಲ್ಲಿ, ಅವ್ವಂದಿರೂ ಗಿರಣಿಯಲ್ಲಿ. ಬೆಳಗ್ಗೆ ಬಾಗಿಲಿಗೆ ಬೀಗ ಹಾಕಿ, ಕೀಲಿಕೈಯನ್ನು ದಾರದಲ್ಲಿ ಪೋಣಿಸಿ ಮಕ್ಕಳ ಕೊರಳಿಗೆ ಕಟ್ಟಿ ಹೋಗುತ್ತಿದ್ದರು. ಸಾಲಿ ಬಿಟ್ಟು ಬಂದ ಮೇಲೆ ಆ ಮಕ್ಕಳಿಗೆ ಅವ್ವ ಎಂದರೆ ಆ ಕೀಲಿಕೈ. ಕೆಲವರು ಒಳಗೆ ಹೋಗಿ ಕತ್ತಲೆಯಲ್ಲಿ ಕೂರುತ್ತಿದ್ದರು, ಕೆಲವರು ರೇಲ್ವೆ ಹಳಿಯ ಕಡೆ ಹೋಗುತ್ತಿದ್ದರು. ಮೊದಲನೆಯ ಪಾಳಿ ಮುಗಿಸಿ ಬರುತ್ತಿದ್ದ ನೇಕಾರ ಖಂಡೆಪ್ಪ ಒಂದು ದಿನ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದ ಈ ಕೀಲಿಕೈಗಳನ್ನು ನೋಡಿದ. ನೋಡಿದವನೇ ಗುಡುಗಿದ: “ಕೀಲಿ ಗಿಡಕ್ಕ, ಕಾಲು ನೆಲಕ್ಕ!”

ಅಂದಿನಿಂದ ಬೇವಿನ ಟೊಂಗೆಯಲ್ಲಿ ಕೀಲಿಕೈಗಳು ಜೋತುಬಿದ್ದವು, ಅಂಗಳದಲ್ಲಿ ಧೂಳು ಎದ್ದಿತು. ಓಟ, ಲೇಜಿಮು, ಬೈಠಕು, ಖೋ-ಖೋ. ಮೊದಲು ನಳದಲ್ಲಿ ಕೈಕಾಲು ತೊಳೆಯಬೇಕು. ಖಂಡೆಪ್ಪ ಒಬ್ಬೊಬ್ಬರ ಉಗುರು ನೋಡುವನು, ಕಣ್ಣ ರೆಪ್ಪೆ ಕೆಳಗೆಳೆದು ನೋಡುವನು, ರಾತ್ರಿ ಉಂಡಿದ್ದೇನು ಎಂದು ಕೇಳುವನು. ಅವನ ಮೀಸೆಯ ಒಂದೊಂದು ಬದಿಗೂ ಒಂದೊಂದು ಗುಬ್ಬಿ ಸಂಸಾರ ಹೂಡಬಹುದಾಗಿತ್ತು. ಕಿವಿ ಅರ್ಧ ಕಿವುಡು. ದನಿ ಮಾತ್ರ ಎರಡಾಳಿನದು. ಮಗ್ಗದ ಖಾತೆಯಲ್ಲಿ ಇಪ್ಪತ್ತು ವರ್ಷ ನಿಂತವನು ಹೀಗಲ್ಲದೆ ಹೇಗಿದ್ದಾನು? ಅಲ್ಲಿ ಸಿಡಿಲು ಬಿದ್ದರೂ, ಯಾರೋ ಪಿಸುಗುಟ್ಟಿದರು ಅಂದುಕೊಂಡು ನೂಲು ಎಳೆಯುತ್ತಾರೆ.

ಅಲ್ಲಿ ಬಾಯಿಗೆ ಕೆಲಸವಿಲ್ಲ, ಎಲ್ಲ ಕೈಸನ್ನೆ. ನೂಲು ಹರಿದು ಮಗ್ಗ ನಿಂತಿತೋ, ನೇಕಾರ ಎರಡೂ ಮುಂಗೈಗಳನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿದು ನಿಲ್ಲಬೇಕು. ಮಗ್ಗ ರಿಪೇರಿ ಮಾಡುವ ಜಾಬರ ಓಡಿ ಬರುತ್ತಾನೆ. ಯಾಕೆ ನಿಂತಿತು ಎಂದು ಯಾರೂ ಬೈಯುವುದಿಲ್ಲ. ಎಂಥ ಮಗ್ಗದ ನೂಲೂ ಹರಿಯುತ್ತದೆ. ಈ ಸನ್ನೆಯನ್ನು ಖಂಡೆಪ್ಪ ಅಂಗಳಕ್ಕೂ ತಂದಿದ್ದ. ಏದುಸಿರು ಬಂತೇ, ಹಸಿವೆಯೇ, ಮನೆಯಲ್ಲಿ ಏಟು ಬಿದ್ದಿದೆಯೇ, ಸುಮ್ಮನೆ ಅಳು ಬರುತ್ತಿದೆಯೇ? ಕೈ ಅಡ್ಡಡ್ಡ ಎತ್ತಿದರೆ ಸಾಕು. “ಮಗ್ಗ ನಿಂತೈತಿ” ಎಂದುಕೊಂಡು ಆಟ ನಿಲ್ಲುತ್ತದೆ. ಎತ್ತಿದವರು ಗಿಡದ ಕಟ್ಟೆಯ ಮೇಲೆ ಹೋಗಿ ಕೂರಬಹುದು. ಯಾಕೆ ಎಂದು ಕೇಳುವಂತಿಲ್ಲ. ಖಂಡೆಪ್ಪ ಒಂದು ಹಿಡಿ ಕಡಲೆ ತಂದು ಪಕ್ಕದಲ್ಲಿ ಕೂರುತ್ತಾನೆ, ಅಷ್ಟೆ.

ಚೆನ್ನಾಗಿಯೇ ನಡೆದಿತ್ತು. ಆದರೆ ಒಂದು ದಿನ ಶಿವರಾಯ ಕೇಳಿಬಿಟ್ಟ: “ಮಾಮಾ, ನಿಮ್ಮ ಮಗ್ಗ ಯಾವಾಗರ ನಿಂತಿತ್ತೇನ್ರಿ?”

ಖಂಡೆಪ್ಪನ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು. “ನಂದಾ? ಹುಟ್ಟಿದಾಗಿಂದ ಒಂದು ಎಳಿ ಹರದಿಲ್ಲೋ ಮಗನ!”

ಅಂದಿನಿಂದ ಅಂಗಳದಲ್ಲಿ ಮೇಲೇಳುವ ಕೈಗಳು ಕಡಿಮೆಯಾದವು. ಏದುಸಿರು ಬಂದವನು ಏದುತ್ತಲೇ ಓಡಿದ, ಅಳು ಬಂದವಳು ನಳದ ಹತ್ತಿರ ಹೋಗಿ ಮುಖ ತೊಳೆದುಕೊಂಡಳು. ಖಂಡೆಪ್ಪ ಇದನ್ನು ನೋಡಿ ಮೀಸೆ ತಿರುವಿದ. “ನೋಡ್ರಿ, ನನ್ನ ಹುಡುಗರು ಕಬ್ಬಿಣ ಆಗ್ಯಾರ” ಎಂದು ಗಿರಣಿ ತುಂಬ ಸಾರಿಕೊಂಡು ಬಂದ, ಅದೂ ಕೈಸನ್ನೆಯಲ್ಲಿ.

ಆ ಕಬ್ಬಿಣದ ನಡುವೆ ಒಂದು ಹುಡುಗಿ ಇದ್ದಳು, ದ್ರೌಪದಿ. ಓಡುವುದೆಂದರೆ ಅವಳ ಓಟ. ನೆರಳು ಹಿಂದೆ ಬಿದ್ದು ‘ತಡಿಯವ್ವಾ, ನಾನೂ ಬರ್ತೀನಿ’ ಎಂದು ಕೂಗುತ್ತಿತ್ತು. ಆದರೆ ಸಂಜೆಯ ಭೋಂಗಾ ಕೂಗಿತೋ, ಉಳಿದ ಮಕ್ಕಳು ‘ಅವ್ವ ಬಂದ್ಳು’ ಎಂದು ಕುಣಿದರೆ ಇವಳು ಇದ್ದ ಜಾಗದಲ್ಲಿ ಕಾಣುತ್ತಿರಲಿಲ್ಲ. ಚಾಳಿನ ಮೆಟ್ಟಿಲ ಕೆಳಗೆ, ಕಿವಿಗೆ ಮುಷ್ಟಿ ಒತ್ತಿಕೊಂಡು ಮುದುಡಿ ಕೂತಿರುತ್ತಿದ್ದಳು. ಅವಳ ಅಪ್ಪ ಸೈದಪ್ಪ ಬಾಯ್ಲರ್ ಮನೆಯಲ್ಲಿ ಕೆಲಸಕ್ಕಿದ್ದವನು. ಹಿಂದಿನ ವರ್ಷ ಒಂದು ಮಧ್ಯಾಹ್ನ, ಕೂಗಬಾರದ ಹೊತ್ತಿನಲ್ಲಿ ಭೋಂಗಾ ಕೂಗತೊಡಗಿತು, ನಿಲ್ಲಲೇ ಇಲ್ಲ. ಸೈದಪ್ಪ ಅಂದು ಮನೆಗೆ ನಡೆದುಕೊಂಡು ಬರಲಿಲ್ಲ, ಹೊತ್ತುಕೊಂಡು ಬಂದರು.

ದಸರೆಗೆ ಇನ್ನೂ ಸ್ವಲ್ಪ ದಿನವಿರುವಾಗ ಅವಳ ತಾಯಿ ಭಾಗಾಬಾಯಿ, ಬಾಬಿನ್ ಖಾತೆಯಿಂದ ಬಂದವಳು ಬಂದಂತೆಯೇ, ಸೆರಗಿಗೆ ಹತ್ತಿದ ಅರಳೆಯನ್ನೂ ಕೊಡವದೆ ಖಂಡೆಪ್ಪನ ಮುಂದೆ ನಿಂತಳು.

“ಅಣ್ಣಾರ, ದೀಪಾವಳಿ ಆದಮ್ಯಾಲ ಆಕಿನ್ನ ಸಲಗರಕ್ಕ ಬಿಡತೀನ್ರಿ, ನಮ್ಮವ್ವನ ಕಡೆ. ಅಲ್ಲಿ ಭೋಂಗಾ ಇಲ್ಲ.”

“ಮುಂದಿನ ಸಾಲಿನೂ ಇಲ್ಲಲ್ಲ ಭಾಗಾಬಾಯಿ! ನಾಕನೇ ಇಯತ್ತಾ ಮುಗೀತಂದ್ರ, ಐದನೇದು ಎಮ್ಮಿ ಬಾಲ ಹಿಡಕೊಂಡು ಓದಬೇಕು ಅಲ್ಲಿ.”

“ಓದದಿದ್ರ ಬ್ಯಾಡ. ನಿನ್ನಿ ಮೆಟ್ಟಿಲ ಬುಡಕ ಇಲಿ ಕೂತಂಗ ಕೂತಿದ್ಳು. ನಾ ಮುಖಾ ಹಿಡದು ‘ದುರಪದೀ’ ಅಂದ್ರೂ ನನ್ನ ಗುರತ ಸಿಗಲಿಲ್ರಿ ಆಕಿಗೆ.”

ಖಂಡೆಪ್ಪ ಎದೆ ಬಡಿದುಕೊಂಡ. ಬಡಿದ ಸದ್ದಿಗೆ ಬೇವಿನ ಗಿಡದ ಕಾಗೆಗಳು ಎದ್ದು ಊರು ಬಿಟ್ಟವು. “ಖಂಡೇನವಮಿಗೆ ಅಕ್ಕಲಕೋಟದಾಗ ಖೋ-ಖೋ ಐತಿ. ಅಲ್ಲಿತನಕ ನನಗ ಬಿಡು. ಈ ಹುಡುಗಿ ಭೋಂಗಾಕ್ಕ ‘ಸುಮ್ಮ ಕೂಡ್ಲೇ’ ಅಂತ ಗದರಸ್ತಾಳ. ಗದರಸಲಿಲ್ಲಂದ್ರ ಮೀಸಿ ಬೋಳಸ್ತೀನಿ.”

“ನಿಮ್ಮ ಮೀಸಿ ತಗೊಂಡು ನಾ ಏನ ಮಾಡ್ಲಿ? ಹೊದಕೊಳ್ಳಾ?” ಎಂದಳು ಭಾಗಾಬಾಯಿ. ಹೋಗುತ್ತ ತಿರುಗಿ ನಿಂತಳು. “ಆಕಿ ಮುಂದ ಹೆಚ್ಚ ಸುಳ್ಳ ಹೇಳಬ್ಯಾಡ್ರಿ. ಉಳದ ಹುಡುಗರು ಕೇಳಿ ನಗತಾವ. ಆಕಿ ನಂಬತಾಳ.”

ಆದರೆ ಖಂಡೆಪ್ಪನ ಔಷಧದ ಪೆಟ್ಟಿಗೆಯಲ್ಲಿ ಇದ್ದದ್ದೇ ಅದೊಂದು ಔಷಧ. ಮರುದಿನದಿಂದ ಅಕ್ಕಲಕೋಟದ ಕುಸ್ತಿಗೆ ಭೋಂಗಾ ಸೇರಿಕೊಂಡಿತು. ಕಣದಲ್ಲಿ ಕೈಗೆ ಕೈ ಕೊಟ್ಟ ಗಳಿಗೆಗೆ ಸರಿಯಾಗಿ ಅರಳೆ ಕಾರಖಾನೆಯ ಭೋಂಗಾ ಕೂಗಿತು, ಕುದುರೆಗಳು ಕಣ್ಣಿ ಹರಿದುಕೊಂಡು ಓಡಿದವು, ರಾಜರ ಆನೆ ಹಿಂದಕ್ಕೆ ನಡೆದು ಚಹಾದಂಗಡಿಯೊಳಗೆ ಕೂತುಬಿಟ್ಟಿತು, ಖಂಡೆಪ್ಪ ಮಾತ್ರ ರೆಪ್ಪೆ ಬಡಿಯಲಿಲ್ಲ.

“ಕೈ ನಡಗಲಿಲ್ಲೇನ್ರಿ ಮಾಮಾ?” ದ್ರೌಪದಿ ಸಣ್ಣಗೆ ಕೇಳಿದಳು.

“ನಡಗೂದಾ? ನನ್ನ ಕೈ ನೋಡಿ ಭೋಂಗಾನಽ ನಡಗಿತು.”

ಮಕ್ಕಳು ನಕ್ಕರು. ದ್ರೌಪದಿ ತನ್ನ ಕೈಗಳನ್ನು ನೋಡಿಕೊಂಡಳು, ಮೆಲ್ಲಗೆ ಉಟ್ಟಿದ್ದ ಪರಕಾರದ ನೆರಿಗೆಯ ಕೆಳಗೆ ಸೇರಿಸಿ ಅವುಗಳ ಮೇಲೆ ಕೂತಳು. ಖಂಡೆಪ್ಪನಿಗೆ ಅದು ಕಂಡಿತು. ಕಂಡಿತು, ತಿಳಿಯಲಿಲ್ಲ.

ಅಕ್ಕಲಕೋಟಕ್ಕೆ ಹೋಗುವ ಮಾತು ಬಂದಾಗೆಲ್ಲ ಖಂಡೆಪ್ಪ ಮೀಸೆ ತಿರುವುವುದನ್ನು ಮರೆತು ಜಗಿಯುತ್ತಿದ್ದ. ಅದು ಬೇರೆ ಮಾತು. ಆ ಊರಿಗೆ ಅವನು ಕಾಲಿಟ್ಟು ಇಪ್ಪತ್ತು ವರ್ಷ ದಾಟಿತ್ತು. ಆಗಿನವರು ಯಾರು ಉಳಿದಿರುತ್ತಾರೆ, ಉಳಿದರೂ ಯಾರಿಗೆ ನೆನಪಿರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಇನ್ನೊಂದು ಕೆಲಸವನ್ನೂ ಮಾಡಿದ. ಆಟ ಇರುವ ಬಯಲಿನ ಬದಿಗೆ ಅರಳೆ ಕಾರಖಾನೆ ಇದೆಯೆಂದು ಕೇಳಿದ್ದವನು, ಎಸ್.ಟಿ. ಕಂಡಕ್ಟರನ ಕೈಯಲ್ಲಿ ವಿಚಾರಿಸಿದ. ಹೊಸ ಹತ್ತಿ ಇನ್ನೂ ಬಂದಿಲ್ಲ, ಕಾರಖಾನೆ ಬಂದ್ ಎಂದು ತಿಳಿಯಿತು. “ನೋಡು ದುರಪದೀ, ನಿನ್ನ ಸಲುವಾಗಿ ಅಕ್ಕಲಕೋಟದ ಭೋಂಗಾದ ಬಾಯಿಗೆ ಬೀಗ ಹಾಕಿಸೀನಿ” ಎಂದ.

ನವಮಿಯ ದಿನ ಎಸ್.ಟಿ. ಬಸ್ಸು ಅಕ್ಕಲಕೋಟ ಮುಟ್ಟಿದಾಗ ಅದರೊಳಗೆ ಮಕ್ಕಳು ಎಷ್ಟು ತುಂಬಿದ್ದರೆಂದರೆ, ಡ್ರೈವರನೇ ಟಪ್ಪಿನ ಮೇಲೆ ಕೂತು ಕಾಲಿನಿಂದ ನಡೆಸಿಕೊಂಡು ಬಂದಿದ್ದ. ಗಿರಣಿಗೆ ರಜೆ, ಭಾಗಾಬಾಯಿಯೂ ಶೇಂಗಾ ಚಟ್ನಿ, ಕಡಕ ರೊಟ್ಟಿ ಕಟ್ಟಿಕೊಂಡು ಜೊತೆಗೆ ಬಂದಿದ್ದಳು. ತಾಲೀಮಿನ ಬಾಗಿಲಲ್ಲಿ ಒಬ್ಬ ಸಣ್ಣ ಆಳಿನ ಮುದುಕ ಕಣದ ಕೆಂಪು ಮಣ್ಣಿಗೆ ಮಜ್ಜಿಗೆ, ಅರಿಸಿನ ಬೆರೆಸುತ್ತಿದ್ದ. ತಲೆ ಎತ್ತಿದವನು ಖಂಡೆಪ್ಪನನ್ನು ಮೇಲಿಂದ ಕೆಳಗೆ ನೋಡಿದ, ಕೆಳಗಿಂದ ಮೇಲೆ ನೋಡಿದ.

“ಬಾರಪಾ ಸೋಲಾಪುರ!” ಎಂದ. “ಈ ಸಲ ಮುಂದಿನ ಬಾಗಲದಿಂದ ಬಂದಿ.”

ಖಂಡೆಪ್ಪನ ಮೀಸೆ ಮತ್ತೆ ಬಾಯಿಗೆ ಹೋಯಿತು. ತಾಲೀಮು ನೋಡಿಕೊಳ್ಳುವ ಸಿದ್ದರಾಮಪ್ಪ ಬದುಕಿಯೂ ಇದ್ದ, ನೆನಪೂ ಇಟ್ಟುಕೊಂಡಿದ್ದ.

ಶಿವರಾಯ ಆಗಲೇ ಕಣದ ಅಂಚಿಗೆ ಓಡಿದ್ದ. “ಅಜ್ಜಾ, ನಮ್ಮ ಮಾಮಾ ಇಲ್ಲಿಂದ ಒಬ್ಬಾವನ್ನ ಮಂಗಳವೇಢೆ ತನಕ ಒಗದಿದ್ರಲ್ಲ, ಅದು ಯಾವ ಮೂಲಿಯಿಂದ್ರಿ?”

ಮಕ್ಕಳ ಬೆನ್ನ ಹಿಂದೆ ನಿಂತ ಖಂಡೆಪ್ಪ ಮಗ್ಗದ ಖಾತೆಯಲ್ಲಿರುವ ಸನ್ನೆಗಳನ್ನೆಲ್ಲ ಒಟ್ಟಿಗೇ ಮಾಡಿದ: ಬೇಡ, ತಡಿ, ಜಾಬರ ಬಂದ, ಆಮೇಲೆ ಹೇಳ್ತೀನಿ, ಚಹಾ ಕುಡಿಸ್ತೀನಿ. ಸಿದ್ದರಾಮಪ್ಪನಿಗೆ ಮಗ್ಗ ಗೊತ್ತಿಲ್ಲ, ಮಣ್ಣು ಗೊತ್ತು.

“ಯಾಕೋ ಖಂಡೆಪ್ಪಾ, ನೊಣ ಮುತ್ಯಾವೇನು?” ಎಂದ. ಮಕ್ಕಳ ಕಡೆ ತಿರುಗಿ, “ಒಗಿಸಿಕೊಂಡಾವ ಈಗ ಎಲ್ಲಿ ಅದಾನಂತ?”

“ಸತ್ತಿರಬೇಕ್ರಿ ಅಜ್ಜಾ. ಅಷ್ಟ ಎತ್ತರಲಿಂದ ಬಿದ್ದಾನ.”

“ಸತ್ತಿಲ್ಲ ಬಿಡೋ. ಗಟ್ಟಿ ಅದಾನ. ಆಟ ಮುಗೀಲಿ, ತೋರಸ್ತೀನಿ.”

ಆಟ ಶುರುವಾಯಿತು. ಸೋಲಾಪುರದ ಮಕ್ಕಳು ಒಬ್ಬರು ಅತ್ತ, ಒಬ್ಬರು ಇತ್ತ ಮುಖ ಮಾಡಿ ಸಾಲಾಗಿ ಕುಕ್ಕರಗಾಲಿನಲ್ಲಿ ಕೂತರು. ದ್ರೌಪದಿಯ ಬೆನ್ನಿಗೆ ‘ಖೋ’ ಬಿದ್ದದ್ದೇ, ಅಕ್ಕಲಕೋಟದ ಹುಡುಗನೊಬ್ಬ ಎಡಕ್ಕೆ ಹೋಗಲೋ ಬಲಕ್ಕೆ ಹೋಗಲೋ ಎಂದು ಯೋಚಿಸುವಷ್ಟರಲ್ಲಿ ಔಟಾಗಿದ್ದ. ಎರಡನೆಯವನಿಗೆ ಯೋಚಿಸಲೂ ಪುರಸತ್ತು ಸಿಗಲಿಲ್ಲ. ಖಂಡೆಪ್ಪ ಸಿಳ್ಳು ಹೊಡೆದ, ಭಾಗಾಬಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಆಗ ಭೋಂಗಾ ಕೂಗಿತು.

ಖಂಡೇನವಮಿಯ ದಿನ ಯಂತ್ರಗಳಿಗೆ ಪೂಜೆ. ಮಾಲೆ ಹಾಕಿ, ಕಾಯಿ ಒಡೆದು, ಕೊನೆಗೆ ಉಗಿ ಎಬ್ಬಿಸಿ ಭೋಂಗಾವನ್ನು ಮನಸಾರೆ ಕೂಗಿಸುವುದು ಎಲ್ಲ ಕಾರಖಾನೆಗಳ ಪದ್ಧತಿ. ಸೋಲಾಪುರದಲ್ಲಿ ಅದು ಬೆಳಗ್ಗೆಯೇ ಮುಗಿಯುತ್ತದೆ. ಅಕ್ಕಲಕೋಟದ ಕಾರಖಾನೆಯ ಮುಹೂರ್ತ ಮಧ್ಯಾಹ್ನಕ್ಕಿತ್ತು. ಬಂದ್ ಆದ ಕಾರಖಾನೆಗೂ ಪೂಜೆ ತಪ್ಪುವುದಿಲ್ಲ ಎಂಬುದು, ಇಪ್ಪತ್ತು ವರ್ಷ ಗಿರಣಿಯಲ್ಲಿ ದುಡಿದು ಪ್ರತಿ ನವಮಿಗೂ ಮಗ್ಗಕ್ಕೆ ಕುಂಕುಮ ಹಚ್ಚಿದ ಖಂಡೆಪ್ಪನಿಗೆ ಹೊಳೆದಿರಲಿಲ್ಲ. ಕೂಗಬಾರದ ಹೊತ್ತಿನಲ್ಲಿ, ನಿಲ್ಲದ ಹಾಗೆ, ಭೋಂಗಾ ಕೂಗಿತು. ಅದು ನಿಂತಾಗ ಸಾಲಿನಲ್ಲಿ ಒಂದು ಜಾಗ ಖಾಲಿ ಇತ್ತು.

ಭಾಗಾಬಾಯಿ ಏಳುವ ಮೊದಲೇ ಖಂಡೆಪ್ಪ ಓಡಿದ. ತಾಲೀಮಿನ ಹಿಂದೆ ಗದೆ, ಲೇಜಿಮು ಇಡುವ ಕತ್ತಲೆ ಕೋಣೆ. ಅದರ ಹೊಸ್ತಿಲ ಮೇಲೆ ಸಿದ್ದರಾಮಪ್ಪ ಕೂತಿದ್ದ. ಒಳಗೆ, ಜರಡಿ ಹಿಡಿದ ಮಣ್ಣಿನ ಗುಡ್ಡೆಯ ಹಿಂದೆ ದ್ರೌಪದಿ, ಕಿವಿಗೆ ಮುಷ್ಟಿ ಒತ್ತಿಕೊಂಡು.

“ನಾ ಏನೂ ಅಂದಿಲ್ಲ ಆಕಿಗಿ” ಎಂದ ಸಿದ್ದರಾಮಪ್ಪ. “ಆದ್ರ ಜಾಗಾ ಬರೋಬ್ಬರಿ ಹುಡಿಕ್ಯಾಳ. ಖಂಡೆಪ್ಪಾ, ನೀನಽ ಹೇಳಿ ಕಳಿಸಿದ್ದೇನು? ನೀ ಕೂತ ಜಾಗಾನಽ ಅಲ್ಲ ಇದು?”

ದ್ರೌಪದಿ ಮುಖ ಎತ್ತಿದಳು. “ಮಾಮಾ ಇಲ್ಲಿ ಯಾಕ ಕೂತಿದ್ರು?”

ಖಂಡೆಪ್ಪನ ನಾಲಿಗೆಯ ಮೇಲೆ ಸುಳ್ಳು ತಯಾರಾಗಿ ಕೂತಿತ್ತು. ತಾಯಿತ ಬಿದ್ದಿತ್ತು, ಹುಡುಕಲು ಬಂದಿದ್ದೆ. ತಾಯಿತದಲ್ಲಿ ಹುಲಿಯ ಉಗುರಿತ್ತು. ಆ ಹುಲಿಯನ್ನು ಹೊಡೆದದ್ದು ಹೇಗೆಂದರೆ... ಬಾಯಿ ತೆರೆದ. ಅಷ್ಟರಲ್ಲಿ ಮತ್ತೆ ಭೋಂಗಾ. ನವಮಿಯ ದಿನ ಕಾಮಗಾರರ ಮಕ್ಕಳಿಗೆ ಒಬ್ಬೊಬ್ಬರಿಗೂ ಸರಪಳಿ ಎಳೆಯುವ ಪಾಳಿ ಇರುತ್ತದೆ. ಯಾವುದೋ ಪೋರ ಎಳೆದಿದ್ದ. ದ್ರೌಪದಿ ಮತ್ತೆ ಮುದುಡಿದಳು. ಮುದುಡುತ್ತಲೇ ನಡುಗುವ ಎರಡೂ ಕೈಗಳನ್ನು, ಮಾಮಾ ನೋಡಬಾರದೆಂದು, ಪರಕಾರದ ಕೆಳಗೆ ತುರುಕಿದಳು.

ಅಂದು ಬೇವಿನ ಗಿಡದ ಕೆಳಗೆ ಕಂಡದ್ದು ಖಂಡೆಪ್ಪನಿಗೆ ಈಗ ತಿಳಿಯಿತು. ಹುಲಿ ನಾಲಿಗೆಯಿಂದ ಇಳಿದು ಹೋಯಿತು. ಅವನು ಮಣ್ಣಿನ ಮೇಲೆ ಮೊಳಕಾಲೂರಿ, ಎರಡೂ ಮುಂಗೈಗಳನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿದ.

“ನನ್ನ ಮಗ್ಗ ನಿಂತೈತವ್ವಾ” ಎಂದ. ಜೀವಮಾನದಲ್ಲಿ ಅವನು ಮೆತ್ತಗೆ ಆಡಿದ ಮೊದಲ ಮಾತು ಅದು. ಹೊಸ್ತಿಲಲ್ಲಿದ್ದ ಸಿದ್ದರಾಮಪ್ಪನಿಗೂ ಕೇಳಿಸಲಿಲ್ಲ.

ದ್ರೌಪದಿ ಆ ಕೈಗಳನ್ನು ನೋಡಿದಳು. ಆಮೇಲೆ ಪರಕಾರದ ಕೆಳಗಿನಿಂದ ಕೈ ತೆಗೆದು ತಾನೂ ಅಡ್ಡಡ್ಡ ಹಿಡಿದಳು. ಇಬ್ಬರೂ ಗುಡ್ಡೆಗೆ ಬೆನ್ನು ಕೊಟ್ಟು ಕೂತರು.

“ಇಲ್ಲೇ ಕೂತಿದ್ರಿ?”

“ಇಲ್ಲೇ. ಕೈ ನಡಗಾಕತ್ತಿದ್ವು. ನಿಲ್ಲಸಾಕಂತ ಆ ಗದಿ ಹಿಡಕೊಂಡೆ. ಗದಿನೂ ನಡಗಿತು.”

“ಇದು ಖರೇನ್ರಿ?”

“ಇದು ಖರೇ.”

“ಎಷ್ಟೊತ್ತು ಕೂತಿದ್ರಿ?”

“ಕುಸ್ತಿ ಎಲ್ಲಾ ಮುಗದು ಮಂದಿ ಹೋಗೂತನಕ.”

ದ್ರೌಪದಿ ಬಾಗಿಲ ಕಡೆ ಕಿವಿಗೊಟ್ಟಳು. ಬಯಲಿನಿಂದ ಮಕ್ಕಳ ಗದ್ದಲ ಕೇಳುತ್ತಿತ್ತು. “ನಮ್ಮ ಆಟ ಇನ್ನ ಮುಗದಿಲ್ಲ” ಎಂದಳು. ಎದ್ದು ಪರಕಾರದ ಮಣ್ಣು ಕೊಡವಿಕೊಂಡು, ಮುದುಕನನ್ನು ದಾಟಿ ಹೊರಗೆ ಹೋದಳು.

ಅವಳು ಮತ್ತೆ ಸಾಲಿನಲ್ಲಿ ಕೂತು, ಮತ್ತೆ ಖೋ ಸಿಕ್ಕು, ಓಡುತ್ತಿರುವಾಗ ಮತ್ತೊಬ್ಬ ಪೋರ ಸರಪಳಿ ಎಳೆದ. ದ್ರೌಪದಿ ಬಯಲ ನಡುವೆ ನಿಂತುಬಿಟ್ಟಳು. ಇಡೀ ಅಕ್ಕಲಕೋಟದ ಎದುರು ಎರಡೂ ಮುಂಗೈಗಳನ್ನು ತಲೆಯ ಮೇಲೆ ಅಡ್ಡಡ್ಡ ಎತ್ತಿದಳು. ಕೈ ನಡುಗುತ್ತಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು.

“ಮಗ್ಗ ನಿಂತೈತಿ! ತಡೀರಿ!” ಎಂದು ಶಿವರಾಯ ಕೂಗಿದ.

“ಹೇ ಕಾಯ? ಇದ್ಯಾವ ನಿಯಮಾರಿ?” ಎಂದು ಆಟದ ಪಂಚ ಸಿಟ್ಟಿಗೆದ್ದ.

“ಸೋಲಾಪುರದ್ದು!” ಖಂಡೆಪ್ಪನ ದನಿ ಮರಳಿ ಬಂದಿತ್ತು. “ಬರಕೋರಿ, ಬರೋ ವರ್ಷಕ್ಕ ಉಪಯೋಗ ಬೀಳತೈತಿ.”

ಭೋಂಗಾ ಕೂಗಿ ಕೂಗಿ ಸುಸ್ತಾಗಿ ನಿಂತಿತು. ದ್ರೌಪದಿ ನಿಂತಲ್ಲೇ ಇದ್ದಳು. ಕೈ ಇಳಿಸಿ, ಮುಂದಿನವನ ಬೆನ್ನಿಗೆ ತಟ್ಟಿ ‘ಖೋ’ ಎಂದಳು. ಆಮೇಲೆ ಏನಾಯಿತೋ, ಏದುಸಿರಿನಲ್ಲಿ ಒದ್ದಾಡುತ್ತಿದ್ದ ಶಿವರಾಯನೂ ಕೈ ಎತ್ತಿದ. ಮತ್ತೊಬ್ಬಳು ಎತ್ತಿದಳು. ಇಷ್ಟು ದಿನ ಎಷ್ಟು ಮಗ್ಗಗಳು ನಿಂತುಕೊಂಡೇ ಓಡುತ್ತಿದ್ದವು ಎಂಬುದನ್ನು ಖಂಡೆಪ್ಪ ಲೆಕ್ಕ ಹಾಕುತ್ತ ಕೂತ.

ಸೋಲಾಪುರ ಸೋತಿತು. ಸುಮ್ಮನೆ ಸೋಲಲ್ಲ, ಅಕ್ಕಲಕೋಟದವರು ಗೆದ್ದ ಅಂಕಗಳನ್ನು ಮನೆಗೆ ಒಯ್ಯಲು ಎತ್ತಿನ ಗಾಡಿ ಕಟ್ಟಬೇಕಾಯಿತು.

ಕಣದ ಅಂಚಿನಲ್ಲಿ ಎಲ್ಲರೂ ರೊಟ್ಟಿ ಬಿಚ್ಚಿಕೊಂಡು ಕೂತಾಗ ಶಿವರಾಯ ಬಿಡಲಿಲ್ಲ. “ಅಜ್ಜಾ, ತೋರಸ್ತೀನಿ ಅಂದಿದ್ರಿ. ಎಲ್ಲಿ ಅದಾನ್ರಿ ಅಂವ?”

“ಇಲ್ಲೇ ಅದೀನಲ್ಲೋ” ಎಂದ ಸಿದ್ದರಾಮಪ್ಪ. “ನಾನಽ ಅಂವ. ಆದ್ರ ಮಂಗಳವೇಢೆ ನಾ ಇನ್ನೂ ಕಣ್ಣಿಲೆ ನೋಡಿಲ್ಲಪಾ. ಗಡ್ಡ ಅಂತೂ ಹುಟ್ಟಾ ಬಂದಿಲ್ಲ.” ಬದನೆಕಾಯಿಯಂಥ ಗಲ್ಲವನ್ನು ಮುಂದೆ ಮಾಡಿ ತೋರಿಸಿದ.

ಎಲ್ಲರ ಮುಖ ಖಂಡೆಪ್ಪನ ಕಡೆ ತಿರುಗಿತು. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಬಸ್ಸು ಇನ್ನೂ ಬಂದಿರಲಿಲ್ಲ.

“ಮತ್ತ ಮಂಗಳವೇಢೆಗೆ ಹೋಗಿ ಬಿದ್ದಾವ ಯಾರ್ರಿ?” ಎಂದ ಶಿವರಾಯ.

ಖಂಡೆಪ್ಪ ಕೈಗಳನ್ನು ಎತ್ತಿ ಅಡ್ಡಡ್ಡ ಹಿಡಿದ, ಈ ಸಲ ಎಲ್ಲರ ಎದುರಿಗೆ. “ನಾನು” ಎಂದ. “ಕೈಗೆ ಕೈ ಕೊಟ್ಟಿದ್ದಽ ತಡ, ಹಲಗಿ ಬಡದ್ರು, ಮಂದಿ ಒದರಿದ್ರು, ನಾ ಕೈ ಬಿಡಿಸಿಕೊಂಡು ಓಡಿದೆ. ಹಿಂದಿನ ಕೋಣಿಯಾಗ ಹೊಕ್ಕು ಕೂತೆ. ಮಂದಿ ಹೋದಮ್ಯಾಲ ಹಿಂದಿನ ಬಾಗಲದಿಂದ ಹೋದಾವ, ನಾಚಿಕಿಗೆ ಸೋಲಾಪುರದಾಗ ನಿಲ್ಲದ, ಸೀದಾ ಮಂಗಳವೇಢೆಗೆ ಹೋಗಿ ಸೋದರಮಾವನ ಹೊಲ ಸೇರಿದೆ. ಹಕ್ಕಿ ಹೊಡಕೋತ ಅಟ್ಟಣಿಗಿ ಮ್ಯಾಲಽ ಕೂತೆ, ಸುಗ್ಗಿತನಕ.”

ಚಟ್ನಿ ಹಂಚುತ್ತಿದ್ದ ಭಾಗಾಬಾಯಿ ಕೇಳಿದಳು: “ಅಲ್ಲಿ ಆರಾಮ ಆತೇನ್ರಿ ಅಣ್ಣಾರ?”

“ಇಲ್ಲ ಭಾಗಾಬಾಯಿ. ಹಲಗಿ ಬಡದಿದ್ದು ಇಲ್ಲಿ, ಕೇಳಿಸಿದ್ದು ಅಲ್ಲಿ, ದಿನಾ. ಯಾರ ಮುಂದ ಹೇಳಬೇಕು? ಹಕ್ಕಿ ಮುಂದ ಹೇಳಿದ್ರ ಹಾರಿ ಹೋಗ್ತಾವ.”

ಭಾಗಾಬಾಯಿ ಮಗಳ ಕಡೆ ನೋಡಿದಳು. ದ್ರೌಪದಿ ಕಾರಖಾನೆಯ ಗೋಡೆಯಾಚೆ ಸರಪಳಿಗೆ ಪಾಳಿ ಹಚ್ಚಿದ್ದ ಮಕ್ಕಳನ್ನು ನೋಡುತ್ತಿದ್ದಳು. “ಅವ್ವಾ, ನಮ್ಮ ಗಿರಣಿಯಾಗೂ ಹುಡುಗರಿಗೆ ಎಳ್ಯಾಕ ಕೊಡತಾರೇನ? ಬರೋ ನವಮಿಗೆ ನಾ ಒಮ್ಮೆ ಎಳದು ನೋಡತೀನಿ.”

“ಕೇಳೋಣಂತ” ಎಂದಳು ಭಾಗಾಬಾಯಿ. ರೊಟ್ಟಿ ಮುರಿದು ಮಗಳ ಕೈಗಿಟ್ಟಳು. “ದೀಪಾವಳಿಗೆ ನಿಮ್ಮ ಆಯಿನ್ನಽ, ನಮ್ಮವ್ವನ್ನ, ಇಲ್ಲಿಗೆ ಕರಸ್ತೀನಿ. ಸಲಗರಕ್ಕ ಯಾರು ಹೋಗ್ತಾರ.”

ಖಂಡೆಪ್ಪ ಮೀಸೆಗೆ ಕೈ ಹಾಕಿದ. ಉಳಿಯಿತು ಎಂದು ಒಮ್ಮೆ ತಿರುವುವಷ್ಟರಲ್ಲಿ ದ್ರೌಪದಿ ಅವನ ಕಡೆ ತಿರುಗಿದ್ದಳು.

“ಮತ್ತ ಗಡ್ಡ?”

“ಗಡ್ಡ ನಂದಽ.”

“ಎದಿಮಟಾ?”

“ಇಲ್ಲವ್ವಾ... ಇಷ್ಟು.” ಬೆರಳಿನ ಒಂದು ಗೆಣ್ಣು ತೋರಿಸಿದ. ಅವಳು ನೋಡುತ್ತಲೇ ಇದ್ದಳು. ಅವನು ಅರ್ಧ ಗೆಣ್ಣಿಗೆ ಇಳಿಸಿದ.

“ನಿಮ್ಮವ್ವ ಗುರತ ಹಿಡೀಲಿಲ್ಲ ಅಂದಿದ್ರಿ. ಮುಂದಿನ ಮನಿಗೆ ಹೋಗು ಅಂದ್ಳು ಅಂತ.”

ಖಂಡೆಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ನೋಡಿದ.

“ಅದೂ ಸುಳ್ಳ” ಎಂದ. “ಓಣಿ ತುದಿಯಾಗ ಇದ್ದಾಗಽ ಗುರತ ಹಿಡದ್ಳು. ಎಲ್ಲಿ ಹೋಗಿದ್ದಿ, ಯಾಕ ಓಡಿ ಹೋದಿ, ಒಂದೂ ಕೇಳಲಿಲ್ಲ. ‘ಬಾ ಒಳಗ, ರೊಟ್ಟಿ ಆರಾಕತ್ತಾವ’ ಅಂದ್ಳು. ಅಷ್ಟಽ.”